ಗೆರೆ ಹಾಕದ ಕೋರ್ಟು

ಇದು ಕಟ್ಟಿದ ಕಥೆ ಅಂದುಕೊಳ್ಳುವವರು ಹಾಗೇ ಅಂದುಕೊಳ್ಳಲಿ, ನನಗೇನೂ ನಷ್ಟವಿಲ್ಲ. ಗೆಸ್ಟುಗಳಿಗೆ ದೆವ್ವದ ಕಥೆ ಹೇಳುವ ಕೆಲಸ ನಮ್ಮ ರೆಸಾರ್ಟಿನಲ್ಲಿ ಬೇರೆಯವರದು, ಬೆಂಕಿ ಹಾಕಿ ಕೂರಿಸಿ ಹೇಳಿಸುತ್ತಾರೆ. ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್, ಹೆಸರು ಸರೋಜ. ಚಾದರ, ಟವೆಲ್ಲು, ಬಾತ್‌ರೂಮು ನೋಡಿಕೊಳ್ಳುವವಳು. ನನ್ನ ಕಣ್ಣೆದುರು ನಡೆದದ್ದನ್ನು ಹೇಳುತ್ತೇನೆ... ‘ಕಣ್ಣೆದುರು’ ಅನ್ನುವ ಮಾತನ್ನು ಮಾತ್ರ ನಾನು ಸ್ವಲ್ಪ ಅಳುಕಿಯೇ ಹೇಳಬೇಕು. ಯಾಕೆ ಅಂತ ಕೊನೆಯಲ್ಲಿ ನಿಮಗೇ ತಿಳಿಯುತ್ತದೆ.

ಕೊಪ್ಪದಿಂದ ಬಾಳೆಹೊನ್ನೂರಿಗೆ ಹೋಗುವಾಗ ಒಂದು ಕಡೆ ರಸ್ತೆ ಕವಲೊಡೆದು ಗುಡ್ಡ ಹತ್ತುತ್ತದೆ. ಅದರ ನೆತ್ತಿಯಲ್ಲಿದೆ ನಮ್ಮ ರೆಸಾರ್ಟು. ಬೋರ್ಡಿನಲ್ಲಿ ಏನೋ ಇಂಗ್ಲಿಷ್ ಹೆಸರಿದೆ, ಊರವರು ಮಾತ್ರ ಮೊದಲಿನಿಂದಲೂ ಕರೆಯುವುದು ‘ಮರಳುಗಾಡು ಕ್ಲಬ್ಬು’ ಅಂತ. ವರ್ಷದ ಅರ್ಧ ಕಾಲ ಕಂಬಳಿ ಒಣಗದ ಊರಿಗೆ ಮರಳುಗಾಡು ಎಲ್ಲಿಂದ ಬಂತು ಅಂತ ಕೇಳಬೇಡಿ. ದುಡ್ಡಿದ್ದವರ ತಲೆಯಿಂದ ಬಂತು.

ಇದನ್ನು ಕಟ್ಟಿಸಿದ ಸಾಹುಕಾರರು ಹರೆಯದಲ್ಲಿ ಯಾವುದೋ ದೇಶ ಸುತ್ತಲು ಹೋದವರು, ಅಲ್ಲಿಯ ಮರಳುಗಾಡಿನ ನಡುವೆ ಒಂದು ಟೆನಿಸ್ ರೆಸಾರ್ಟ್ ನೋಡಿದರಂತೆ. ಸುತ್ತ ಮರಳು, ನಡುವೆ ಖರ್ಜೂರದ ಮರ, ಬಿಳಿ ಗೋಡೆ, ಬಿಳಿ ಬಟ್ಟೆ ಹಾಕಿಕೊಂಡು ಚೆಂಡು ಹೊಡೆಯುವ ಸಿನಿಮಾ ನಟ ನಟಿಯರು. ಅದೇ ಮನಸ್ಸಿನಲ್ಲಿ ಕೂತುಬಿಟ್ಟಿತು. ಊರಿಗೆ ಬಂದವರೇ ಗುಡ್ಡ ಕಡಿಸಿ, ಮಟ್ಟ ಮಾಡಿಸಿ, ಲಾರಿಯಲ್ಲಿ ಖರ್ಜೂರದ ಮರ ತರಿಸಿ ನೆಡಿಸಿದರು. ಮೊದಲ ಮಳೆಗಾಲಕ್ಕೆ ಕಳ್ಳಿಗಿಡಗಳು ಕೊಳೆತವು. ಎರಡನೆಯದಕ್ಕೆ ಖರ್ಜೂರದ ಮರಗಳು ಬುಡ ಸಮೇತ ಮಲಗಿದವು, ಬಿಳಿ ಗೋಡೆ ಪಾಚಿ ಹಿಡಿದು ಹಸಿರಾಯಿತು.

ಆದರೂ ಸಿನಿಮಾದವರು ಬಂದರು ಅನ್ನುವುದು ಸುಳ್ಳಲ್ಲ. ಆಗ ಶೃಂಗೇರಿ, ಕೊಪ್ಪದ ಕಡೆ ಶೂಟಿಂಗ್ ಜೋರು. ಹೀರೋಗಳಿಗೆ ಇಳಿದುಕೊಳ್ಳಲು ಬೇರೆ ಗತಿಯಿರಲಿಲ್ಲ. ಸಂಜೆ ಅವರು ಟೆನಿಸ್ ಆಡುತ್ತಿದ್ದರು, ನಾವು ಬೇಲಿ ಕಚ್ಚಿಕೊಂಡು ನೋಡುತ್ತಿದ್ದೆವು. ಚೆಂಡು ಬೇಲಿ ದಾಟಿ ಬಂದರೆ ನಮ್ಮೊಳಗೇ ಹೊಡೆದಾಟ.

ಆ ಕೋರ್ಟಿಗೆ ಮೊದಲು ಸಿಮೆಂಟು ಹಾಕಿಸಿದ್ದರು. ನಮ್ಮ ಮಳೆ ಒಂದೇ ಏಟಿಗೆ ಅದನ್ನು ಸೀಳಿ ಹಾಕಿತು. ಕೊನೆಗೆ ಸಾಹುಕಾರರು ನಮ್ಮ ಕಣದ ದಾರಿಗೇ ಬಂದರು. ಭತ್ತ ಬಡಿಯುವ ಕಣವನ್ನು ಹೇಗೆ ಮಣ್ಣು ಹಾಕಿ, ಕಲ್ಲುಗುಂಡು ಎಳೆದು, ಸಗಣಿ ಬಳಿದು ಸಿದ್ಧ ಮಾಡುತ್ತಾರೋ ಹಾಗೇ ಕೋರ್ಟು. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಹಿರೇಕೊಡಿಗೆ ಕಡೆಯ ಹೆಂಗಸರು ಬಂದು ಕೈಯಲ್ಲೇ ಬಳಿಯುತ್ತಿದ್ದರು. ಅವರಲ್ಲಿ ನನ್ನ ಅವ್ವ ಒಬ್ಬಳು. ಪುಟ್ಟಮ್ಮ ಅಂತ.

ಅವ್ವ ಎಡಚಿ. ಊಟ ಬಲಗೈಯಲ್ಲಿ ಮಾಡುತ್ತಿದ್ದಳು, ಅಷ್ಟು ಹೊಡೆದು ಕಲಿಸಿದ್ದರು. ಆದರೆ ಕೆಲಸಕ್ಕೆ ಎಡಗೈಯೇ ಮುಂದೆ. ಸಗಣಿ ಬಳಿದು ಒಣಗಿದ ನೆಲದ ಮೇಲೆ ಬೆರಳಿನ ಗುರುತು ಬಿಲ್ಲಿನ ಹಾಗೆ ಮೂಡುತ್ತದಲ್ಲ, ಎಲ್ಲರದೂ ಬಲಕ್ಕೆ ಬಾಗಿದ್ದರೆ ಅವ್ವನದು ಎಡಕ್ಕೆ. ಸಾಹುಕಾರರ ಹೆಂಡತಿಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. “ಎಡಗೈ ಸಗಣಿ ಎದುರಿಗೆ ಬೇಡ” ಅಂತ ಅವ್ವನನ್ನು ಯಾವಾಗಲೂ ಕಾಡಿನ ಕಡೆಯ ತುದಿಗೆ ಕೂರಿಸುತ್ತಿದ್ದರು. ಹಾಗಾಗಿ ಕೋರ್ಟಿನ ಆ ಒಂದು ತುದಿ ಮಾತ್ರ ಅವ್ವನದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಬಳಿದ ನೆಲವನ್ನು ಬೋಳಾಗಿ ಬಿಡುವುದು ನಮ್ಮಲ್ಲಿಲ್ಲ. ಒಂದೆಳೆ ರಂಗೋಲಿಯಾದರೂ ಬೀಳಬೇಕು. ಹೆಣ ಎತ್ತಿದ ಮನೆಯಲ್ಲಿ ಮಾತ್ರ ಸಗಣಿ ಬಳಿದು ರಂಗೋಲಿ ಇಡದೆ ಬಿಡುತ್ತಾರೆ. ಟೆನಿಸ್ ಕೋರ್ಟಿಗೆ ರಂಗೋಲಿ ಯಾರು ಇಡುತ್ತಾರೆ? ಸುಣ್ಣದ ಗೆರೆಯೇ ಅದರ ರಂಗೋಲಿ ಅಂತ ಹೆಂಗಸರೇ ತೀರ್ಮಾನ ಮಾಡಿಕೊಂಡಿದ್ದರು. ಸಂಜೆ ದೀಪ ಹಚ್ಚುವ ಮೊದಲು ಒಂದು ಗೆರೆಯಾದರೂ ಎಳೆದೇ ಅವರು ಗುಡ್ಡ ಇಳಿಯುತ್ತಿದ್ದದ್ದು.

ಒಂದು ವರ್ಷ ಸುಣ್ಣ ಬಂದಿರಲಿಲ್ಲ. ಹೀರೋ ಬರುವ ಗಡಿಬಿಡಿ. “ನಾಳೆ ಹಾಕಿದ್ರಾಯ್ತು ಹೋಗ್ರೇ” ಅಂತ ಗದರಿಸಿ ಕಳಿಸಿದರು. ಅದೇ ವಾರ ಅವ್ವನಿಗೆ ಜ್ವರ ಬಂತು. ಮತ್ತೆ ಏಳಲಿಲ್ಲ. ನನಗಾಗ ಇನ್ನೂ ಲಂಗದ ವಯಸ್ಸು.

ಗೆರೆ ಹಾಕದ್ದಕ್ಕೇ ಸತ್ತಳು ಅಂತ ನಾನು ಹೇಳುವುದಿಲ್ಲ. ಕ್ಲಬ್ಬಿನ ಜೀಪು ಕೊಪ್ಪದ ಆಸ್ಪತ್ರೆಗೆ ಬಿಟ್ಟುಬಂದಿದ್ದರೆ ಬದುಕುತ್ತಿದ್ದಳೇನೋ. ಆದರೆ ಜೀಪು ಹೀರೋನ ಜೊತೆ ಶೃಂಗೇರಿಗೆ ಹೋಗಿತ್ತು.

ಅವ್ವನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿ ಇರಲಿಲ್ಲ. ವೋಟರ್ ಕಾರ್ಡು, ಆಧಾರು ಬರುವ ಮೊದಲೇ ಹೋದವಳು. ತಿಥಿಯ ದಿನ ಹಾರ ಹಾಕಲು ಪಟವಿಲ್ಲದೆ ಕಳಶಕ್ಕೆ ಹಾಕಿದೆವು. ಇಡೀ ಪ್ರಪಂಚದಲ್ಲಿ ಅವಳ ಮುಖ ಇದ್ದದ್ದು ಒಂದೇ ಕಡೆ, ಕ್ಲಬ್ಬಿನ ಹಜಾರದ ಗೋಡೆಯ ಮೇಲೆ. ಹೀರೋ ಒಬ್ಬ ರ‍್ಯಾಕೆಟ್ ಹಿಡಿದು ನಗುತ್ತಿರುವ ಫೋಟೋ. ಅವನ ಹಿಂದೆ, ಕಾಡಿನ ತುದಿಯಲ್ಲಿ, ಸಗಣಿ ಬಕೆಟ್ಟಿನ ಪಕ್ಕ ಕೂತು ಕ್ಯಾಮೆರಾ ಕಡೆ ತಿರುಗಿದ ಅವ್ವ. ಅದನ್ನು ಚಿಕ್ಕವಳಿದ್ದಾಗ ಒಂದೇ ಸಲ ಕಿಟಕಿಯಿಂದ ನೋಡಿದ್ದೆ.

ಆಮೇಲೆ ಸಾಹುಕಾರರು ಸೋತರು, ಸತ್ತರು, ಕ್ಲಬ್ಬಿಗೆ ಬೀಗ ಬಿತ್ತು. ಗೋಡೆ ಮೇಲಿನ ಅವ್ವ ಒಳಗೆ, ನಾನು ಹೊರಗೆ. ವರ್ಷಗಳು ಹೋದವು. ಒಂದು ದಿನ ಅಡುಗೆ ಮಾಡುತ್ತಿದ್ದವಳಿಗೆ ಥಟ್ಟನೆ ಗೊತ್ತಾಯಿತು, ಅವ್ವನ ಮುಖ ನನಗೆ ನೆನಪಿಲ್ಲ. ಕುಂಕುಮ ನೆನಪಿದೆ, ಎಲೆಯಡಿಕೆ ವಾಸನೆ ನೆನಪಿದೆ, ಎದ್ದು ನಿಂತಾಗ ಬಲ ಮಂಡಿ ‘ಲಟಕ್’ ಅನ್ನುತ್ತಿದ್ದದ್ದು ನೆನಪಿದೆ. ಮುಖ ಮಾತ್ರ ಇಲ್ಲ. ಅವತ್ತು ಅನ್ನ ಸೀದುಹೋಯಿತು.

ಹಾಗಾಗಿ ಬೆಂಗಳೂರಿನ ಯಾವುದೋ ಕಂಪನಿ ಕ್ಲಬ್ಬನ್ನು ಕೊಂಡು ಮತ್ತೆ ತೆರೆಯುತ್ತದೆ ಅಂದಾಗ ನಾನು ಕೆಲಸಕ್ಕೆ ಅರ್ಜಿ ಹಾಕಿದ್ದು ಸಂಬಳಕ್ಕಲ್ಲ. ಆ ಫೋಟೋಕ್ಕೆ.

ಹಜಾರದಲ್ಲಿ ಗೋಡೆ ತುಂಬ ಹೊಸ ಫ್ರೇಮು. ‘ನಮ್ಮ ಇತಿಹಾಸ’ ಅಂತ ಮೇಲೆ ಅಕ್ಷರ. ಒಂದೊಂದಾಗಿ ಹುಡುಕಿದೆ. ಹೀರೋ ಸಿಕ್ಕಿದ, ಆಳೆತ್ತರಕ್ಕೆ ದೊಡ್ಡದು ಮಾಡಿದ್ದರು. ಅದೇ ನಗು, ಅದೇ ರ‍್ಯಾಕೆಟ್ಟು. ಅವನ ಭುಜದ ಪಕ್ಕಕ್ಕೇ ಫೋಟೋ ಮುಗಿದಿತ್ತು.

ಮ್ಯಾನೇಜರ್ ನಿತಿನ್ ನನ್ನ ಮಗನ ವಯಸ್ಸಿನವನು. ಹೋಗಿ ಕೇಳಿದೆ. “ಸರ್, ಈ ಫೋಟೋದಲ್ಲಿ ಇನ್ನೊಬ್ಬರು ಇದ್ರು.”

“ಹೌದಾ? ಡಿಸೈನರ್ ಕ್ರಾಪ್ ಮಾಡಿರ್ತಾರೆ. ಬ್ಯಾಕ್‌ಗ್ರೌಂಡಲ್ಲಿ ಯಾರೋ ಲೇಬರ್ ಇತ್ತು ಅನ್ಸುತ್ತೆ.”

“ಹಳೇದು ಎಲ್ಲಿದೆ ಸರ್?”

“ಅಯ್ಯೋ, ಅದೆಲ್ಲಾ ಗೆದ್ದಲು ಹಿಡಿದಿತ್ತು. ಫ್ರೇಮ್ ಸಮೇತ ಸುಡ್ಸಿದ್ವಿ.”

ಅವ್ವನನ್ನು ಎರಡನೇ ಸಲ ಸುಟ್ಟಿದ್ದರು, ಈ ಸಲ ನನಗೆ ಹೇಳಿಯೂ ಇರಲಿಲ್ಲ. ‘ಸರಿ ಸರ್’ ಅಂದೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತೆ.

ಉದ್ಘಾಟನೆಗೆ ಈಗಿನ ಹೀರೋ ಒಬ್ಬ ಬರುವುದೆಂದಾಯಿತು. ಹೆರಿಟೇಜ್ ಬೇಕು, ಹಳೇ ಥರದ ಸಗಣಿ ಕೋರ್ಟೇ ಬೇಕು ಅಂತ ಕಂಪನಿಯ ಹಟ. ಗೊತ್ತಿದ್ದವರು ಉಳಿದಿದ್ದು ಅವ್ವನ ಜೊತೆ ಬಳಿಯುತ್ತಿದ್ದ ಗಿರಿಜಕ್ಕ ಒಬ್ಬಳೇ. ಹಲ್ಲಿಲ್ಲ, ಸೊಂಟವಿಲ್ಲ, ಮಾತು ಮಾತ್ರ ಭರ್ತಿ ಇದೆ. ಹಿರೇಕೊಡಿಗೆಯಿಂದ ನಾಲ್ಕು ಹೆಂಗಸರನ್ನು ಕರೆತಂದು, ತಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬೈಯುತ್ತಾ ಬಳಿಸಿದಳು. ಆ ನಾಲ್ವರೂ ಬಲಗೈಯವರು. ಇದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಮುಗಿಯುವಾಗ ಹೊತ್ತು ಮುಳುಗುತ್ತಿತ್ತು. ಗಿರಿಜಕ್ಕ ಸುಣ್ಣ ಕೇಳಿದಳು. ನಿತಿನ್ ಓಡಿಬಂದ. “ಬೇಡ ಬೇಡ, ನಾಳೆ ಶಿವಮೊಗ್ಗದಿಂದ ಲೈನ್ ಟೇಪ್ ಬರುತ್ತೆ. ಸುಣ್ಣಗಿಣ್ಣ ಹಾಕಿ ಕೊಳಕು ಮಾಡ್ಬೇಡಿ.”

“ಒಂದು ಗೆರೆ ಮಾರಾಯ... ಒಂದೇ ಒಂದು. ಬೋಳು ಬಿಡ್ಬಾರ್ದು.”

“ಅಜ್ಜಿ, ಪ್ಲೀಸ್.”

ಅವನು ಹೀರೋನನ್ನು ಕರೆತರಲು ಶಿವಮೊಗ್ಗಕ್ಕೆ ಕಾರು ಹತ್ತಿದ. ಸ್ಟೋರ್ ರೂಮಿನ ಕೀಲಿ ಅವನ ಜೇಬಿನಲ್ಲೇ ಹೋಯಿತು, ಸುಣ್ಣದ ಚೀಲ ಒಳಗೇ ಉಳಿಯಿತು. ಗಿರಿಜಕ್ಕ ಜೀಪು ಹತ್ತುವಾಗ ನನ್ನ ಕೈ ಹಿಡಿದು ಪಿಸುಗುಟ್ಟಿದಳು. “ಇವತ್ತು ಆ ಕಡೆ ಹೋಗ್ಬೇಡ ಕೂಸೆ. ಇದು ಸಾವಿನ ಮನೆ ಅಂಗಳ ಆಯ್ತು.”

ನಾನು ನಕ್ಕೆ. ಜೀಪಿನ ಬಾಗಿಲು ಹಾಕಿದೆ.

ರಾತ್ರಿ ಊಟದ ಹೊತ್ತು ಮೀರುತ್ತಿತ್ತು. ಹೊರಗೆ ಚಳಿ, ಗುಡ್ಡದ ಮೇಲೆ ಮಂಜು ಕೂರುತ್ತಿತ್ತು. ರೂಮುಗಳಿಗೆಲ್ಲ ಚಾದರ ಹಾಸಿ ಮುಗಿಸಿ ಬರುವಾಗ ವಾಚ್‌ಮನ್ ಬಿಜೊಯ್ ಒಂದು ಸುತ್ತು ಹಾಕಿ ಬಂದವನು ಎದುರಾದ. ಅಸ್ಸಾಮಿನ ಹುಡುಗ, ಬಂದು ಎರಡು ತಿಂಗಳೂ ಆಗಿಲ್ಲ. ನಮ್ಮ ಊರು, ನಮ್ಮ ಕಥೆ ಒಂದೂ ಅವನಿಗೆ ಗೊತ್ತಿಲ್ಲ.

“ಮೇಡಂ, ಹಿಂದೆ ಆ ಅಮ್ಮ ಇನ್ನೂ ಕೆಲಸ ಮಾಡ್ತಾ ಇದೆ. ಊಟ ಕೊಡ್ಬೇಕಾ?”

“ಯಾವ ಅಮ್ಮ? ಎಲ್ಲರೂ ಹೋದ್ರಲ್ಲೋ.”

“ಒಂದು ಇದೆ. ಕೂತ್ಕೊಂಡು... ಹಿಂದೆ ಹಿಂದೆ ಹೋಗ್ತದೆ. ಹಿಂಗೆ, ಹಿಂಗೆ.”

ಬಳಿಯುವುದನ್ನು ಮಾಡಿ ತೋರಿಸಿದ. ಎಡಗೈಯಲ್ಲಿ...

ಆದರೂ ಮನಸ್ಸು ಒಪ್ಪಬೇಕಲ್ಲ. ಯಾವಳೋ ಹಿಂದೆ ಉಳಿದಿದ್ದಾಳೆ, ದೀಪ ಹಚ್ಚಿದ ಮೇಲೆ ಯಾರಾದರೂ ಸಗಣಿ ಬಳಿಯುತ್ತಾರಾ, ಹೋಗಿ ನಾಲ್ಕು ಬೈಯಬೇಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತಾ ಮೊಬೈಲ್ ಟಾರ್ಚ್ ಹಚ್ಚಿ ಹೊರಟೆ. ಬಿಜೊಯ್‌ಗೆ ಗೇಟು ಬಿಟ್ಟು ಬರುವ ಹಾಗಿರಲಿಲ್ಲ.

ಕೋರ್ಟು ಕಟ್ಟಡದ ಹಿಂದೆ, ಸ್ವಲ್ಪ ತಗ್ಗಿನಲ್ಲಿ. ಮೆಟ್ಟಿಲು ಇಳಿಯುವಾಗಲೇ ವಾಸನೆ ಹೊಡೆಯಿತು. ಸಂಜೆ ಬಳಿದ ಸಗಣಿ ಅಷ್ಟು ಹೊತ್ತಿಗೆ ಅರ್ಧ ಆರಿರಬೇಕು. ಇದು ಆಗತಾನೇ ಕಲಸಿದ ಸಗಣಿಯ ವಾಸನೆ. ಅದರ ಜೊತೆ ಇನ್ನೊಂದು... ಎಲೆಯಡಿಕೆ, ಹೊಗೆಸೊಪ್ಪು.

ಆಮೇಲೆ ಸದ್ದು.

ಸರ್... ಸರ್... ಸರ್...

ಅಂಗೈ ನೆಲ ಸವರುವ ಸದ್ದು. ನಡುವೆ ಬಕೆಟ್ಟಿನ ಕಿಣ್ ಅನ್ನುವ ಶಬ್ದ, ಗಾಜಿನ ಬಳೆ. ಮತ್ತೆ ಸರ್... ಸರ್...

ಟಾರ್ಚ್ ಬಿಟ್ಟೆ. ಕೋರ್ಟಿನಲ್ಲಿ ಯಾರೂ ಇಲ್ಲ. ಕಾಡಿನ ತುದಿಯಿಂದ ಅರ್ಧದವರೆಗೆ ನೆಲ ಮಾತ್ರ ಒದ್ದೆಯಾಗಿ ಹೊಳೆಯುತ್ತಿತ್ತು. ಇತ್ತ ಅರ್ಧ ಒಣಗಿ ಮಂಕಾಗಿತ್ತು. ನಾನು ನೋಡುತ್ತಿದ್ದಂತೆಯೇ ಆ ಹೊಳಪು ನನ್ನ ಕಡೆ ಒಂದು ಮೊಳ ಸರಿಯಿತು. ಇನ್ನೊಂದು ಮೊಳ... ಬೆಳಕು ನೆಲಕ್ಕೆ ಹಿಡಿದೆ. ಬೆರಳಿನ ಗುರುತು ಹಸಿಹಸಿಯಾಗಿತ್ತು. ಬಿಲ್ಲುಗಳು ಎಡಕ್ಕೆ ಬಾಗಿದ್ದವು.

ಮೊಬೈಲು ಕೈಜಾರಿ ಬಿದ್ದು ಬೆಳಕು ಆರಿತು. ಕತ್ತಲಿಗೆ ಕಣ್ಣು ಹೊಂದಿಕೊಂಡಾಗ ಕಂಡಿತು... ಬೆಳಕಿನಲ್ಲಿ ಕಾಣದ್ದು. ನೆಲಕ್ಕೆ ಅಂಟಿದ ಹಾಗೆ ಕುಕ್ಕರುಗಾಲಲ್ಲಿ ಕೂತ ಒಂದು ಕಪ್ಪು ಆಕಾರ. ಬೆನ್ನು ನನ್ನ ಕಡೆ. ಬಳಿಯುವವರು ಹಿಮ್ಮುಖವಾಗಿಯೇ ಬರುತ್ತಾರಲ್ಲ, ಹಾಗೆ ಒಂದೊಂದೇ ಹೆಜ್ಜೆ ನನ್ನತ್ತ ಜರುಗುತ್ತಿತ್ತು. ತುರುಬು ಕಾಣುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಕಾಣುತ್ತಿತ್ತು.

ಓಡಬೇಕಿತ್ತು. ಕಾಲು ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನನಗೆ ಓಡಲು ಮನಸ್ಸಿರಲಿಲ್ಲ. ಭಯಕ್ಕಿಂತ ದೊಡ್ಡ ಆಸೆಯೊಂದು ಎದೆಯಲ್ಲಿ ಎದ್ದು ಕೂತಿತ್ತು. ಇನ್ನು ನಾಲ್ಕು ಮೊಳ. ತುದಿಗೆ ಬಂದ ಮೇಲೆ ಬಳಿಯುವವಳು ಎದ್ದು ತಿರುಗಲೇಬೇಕು.

“ಅವ್ವಾ...” ಅಂದೆ. ಧ್ವನಿ ನನ್ನದಾಗಿರಲಿಲ್ಲ, ಲಂಗದ ಹುಡುಗಿಯದಾಗಿತ್ತು. “ಅವ್ವಾ, ಒಂದ್ಸಲ ಮುಖ ತೋರ್ಸು.”

ಸದ್ದು ನಿಂತಿತು.

ಜೀರುಂಡೆ ಕೂಡ ನಿಂತಿತು. ನನ್ನ ಉಸಿರು ನನಗೇ ಕೇಳುತ್ತಿತ್ತು.

ಲಟಕ್...

ಮಂಡಿಯ ಸದ್ದು. ಆಕಾರ ಎದ್ದು ನಿಂತಿತು. ಬಳೆ ಸರಿದವು. ಎಲೆಯಡಿಕೆಯ ವಾಸನೆ ಮುಖಕ್ಕೆ ಬಡಿಯುವಷ್ಟು ಹತ್ತಿರ... ಆ ತುರುಬು ನಿಧಾನಕ್ಕೆ ಪಕ್ಕಕ್ಕೆ ತಿರುಗತೊಡಗಿತು. ಕಿವಿಯ ಓಲೆ ಕಂಡಿತು. ಕೆನ್ನೆಯ ಅಂಚು ಕಂಡಿತು...

ನಾನು ಕಣ್ಣು ಮುಚ್ಚಿಬಿಟ್ಟೆ.

ಇಷ್ಟು ವರ್ಷ ಯಾವುದಕ್ಕಾಗಿ ಹಂಬಲಿಸಿದೆನೋ, ಅದು ಎದುರು ಬಂದಾಗ ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಹೆದರಿಕೆ. ಮುಖ ಹೇಗಿರುತ್ತದೋ ಅನ್ನುವ ಹೆದರಿಕೆ. ಸತ್ತು ಅಷ್ಟು ವರ್ಷವಾದ ಮುಖ. ತೆರೆಯಬೇಕು ಅನ್ನುವಷ್ಟರಲ್ಲಿ ಕೆನ್ನೆಗೆ ತಣ್ಣಗೆ ಏನೋ ತಾಗಿತು. ಬೆರಳಲ್ಲ, ಅಂಗೈಯಲ್ಲ. ಮಣಿಕಟ್ಟಿನ ಹಿಂಭಾಗ. ಕೈಯೆಲ್ಲ ಸಗಣಿಯಾಗಿದ್ದಾಗ ಅವ್ವ ನನ್ನ ಕಣ್ಣೀರು ಒರೆಸುತ್ತಿದ್ದದ್ದು ಹಾಗೆ.

ಕಣ್ಣು ಬಿಟ್ಟಾಗ ಯಾರೂ ಇರಲಿಲ್ಲ. ಜೀರುಂಡೆಗಳು ಮತ್ತೆ ಕೂಗುತ್ತಿದ್ದವು.

ಬೆಳಿಗ್ಗೆ ನಿತಿನ್ ಕೋರ್ಟು ನೋಡಿ ಕುಣಿದಾಡಿದ. “ವಾವ್, ಟೆಕ್ಸ್ಚರ್ ನೋಡಿ! ಒಂದೇ ಡೈರೆಕ್ಷನ್! ಅಜ್ಜಿ ಸೂಪರ್!” ಇಡೀ ಕೋರ್ಟಿನ ಬೆರಳಗುರುತು ಆ ತುದಿಯಿಂದ ಈ ತುದಿಗೆ ಎಡಕ್ಕೆ ಬಾಗಿತ್ತು. ಬದುಕಿದ್ದಾಗ ಒಂದು ತುದಿ ಬಿಟ್ಟು ಈಚೆ ಬರಲು ಯಾರೂ ಬಿಡದಿದ್ದ ಅವ್ವ ಪೂರ್ತಿ ಬಳಿದು ಹೋಗಿದ್ದಳು. ನಾನು ನಿಂತಿದ್ದ ಜಾಗದ ಎದುರು, ಅಂಚಿನಲ್ಲಿ, ಗೇಣುದ್ದದ ಒಂದು ಸುಣ್ಣದ ಗೆರೆ. ನಿತಿನ್ ಕೀಲಿ ಕೊಟ್ಟ ಮೇಲೆ ಸ್ಟೋರ್ ತೆಗೆದು ನೋಡಿದೆ. ಚೀಲದ ಹೊಲಿಗೆ ಬಿಚ್ಚಿರಲಿಲ್ಲ.

ಹೀರೋ ಬಂದ. ಬೂಟು ಹಾಕಿಕೊಂಡೇ ಇಳಿದ. ಫೋಟೋದವರು ಹತ್ತು ಜನ. ಹತ್ತು ನಿಮಿಷ ಚೆಂಡು ಹೊಡೆದು, ಬೆವರು ಒರೆಸಿಕೊಂಡು, ಸೆಲ್ಫಿ ಕೊಟ್ಟು ಹೋದ. ಬೂಟಿನ ಉಜ್ಜಿಗೆ ಅವ್ವನ ಬಿಲ್ಲುಗಳೆಲ್ಲ ಕಿತ್ತು ಪುಡಿಯಾದವು. ನಾನು ಟವೆಲ್ಲು ಹಿಡಿದು ನಿಂತಿದ್ದೆ.

ಸಂಜೆ ಕೂಲಿ ಕೇಳುವ ನೆಪದಲ್ಲಿ ಗಿರಿಜಕ್ಕ ಬಂದಳು. ಅಂಚಿನಲ್ಲಿ ಉಳಿದಿದ್ದ ಗುರುತು ನೋಡಿ ಅಲ್ಲೇ ಕುಸಿದು ಕೂತಳು. ನಡೆದದ್ದನ್ನೆಲ್ಲ ಹೇಳಿದೆ.

“ಮುಖ ನೋಡಿದ್ಯಾ?”

“ಇಲ್ಲ... ಕಣ್ಣು ಮುಚ್ಚಿದೆ.”

ನಾನೇ ಕೇಳಿದೆ. “ನೀನಾದ್ರೂ ಹೇಳು ಗಿರಿಜಕ್ಕ. ಹೆಂಗಿದ್ಲು ನಮ್ಮವ್ವ? ನನ್ನ ಥರ ಇದ್ಲಾ?”

“ನೀನು ಪೂರಾ ನಿನ್ನಪ್ಪನ ಥರ.” ಆಮೇಲೆ ನೆಲದ ಮೇಲಿನ ಗುರುತನ್ನು ಬೆರಳಲ್ಲಿ ಸವರುತ್ತಾ ಹೇಳಿದಳು. “ನಂಗೂ ಮುಖ ಮರ್ತೇ ಹೋಗಿದೆ ಮಾರಾಯ್ತಿ. ಕೈ ಮಾತ್ರ ನೆನಪಿದೆ.”

ಹಾಗೆ ಕೊನೆಯ ಬಾಗಿಲೂ ಮುಚ್ಚಿತು.

ಈಗ ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಮೊನ್ನೆ ಕೋರ್ಟಿಗೆ ನೀಲಿ ಸಿಂಥೆಟಿಕ್ ಹಾಸಿ ಮುಗಿಸಿದರು. ಸಗಣಿ ವಾಸನೆ ಅಂತ ಗೆಸ್ಟುಗಳ ಕಂಪ್ಲೇಂಟು. ಇನ್ನು ಅಲ್ಲಿ ಯಾರೂ ಬಳಿಯುವುದಿಲ್ಲ. ಮುಂದಿನ ಸಲ ಕಣ್ಣು ಬಿಟ್ಟುಕೊಂಡೇ ನಿಲ್ಲುತ್ತೇನೆ ಅಂತ ಅಂದುಕೊಂಡಿದ್ದೆ. ಆ ಮುಂದಿನ ಸಲವನ್ನೂ ಕಂಪನಿಯವರು ನೀಲಿ ಬಣ್ಣ ಹಾಸಿ ಮುಚ್ಚಿದರು.

ನಿನ್ನೆ ರಾತ್ರಿ ಸ್ಟಾಫ್ ಕ್ವಾರ್ಟರ್ಸಿನಲ್ಲಿ ಮಲಗಿದ್ದೆ. ಹೊರಗಿನ ಪ್ಯಾಸೇಜು ಪೂರಾ ಟೈಲ್ಸ್. ಮೊದಲು ವಾಸನೆ ಬಂತು. ಆಮೇಲೆ ಪ್ಯಾಸೇಜಿನ ಆ ತುದಿಯಿಂದ, ನಿಧಾನಕ್ಕೆ, ಹಿಮ್ಮುಖವಾಗಿ ಬರುವ ಸದ್ದು...

ಸರ್... ಸರ್... ಸರ್...

ನನ್ನ ಬಾಗಿಲಿನ ಎದುರಿಗೆ ಬಂದು ನಿಂತಿತು. ಲಟಕ್ ಅಂದಿತು.

ಚಿಲಕದ ಮೇಲೆ ಕೈ ಇಟ್ಟುಕೊಂಡು ಬೆಳಗಿನವರೆಗೂ ನಿಂತಿದ್ದೆ. ಇವತ್ತೂ ಬಂದರೆ ತೆಗೆಯಬೇಕು ಅಂತಲೇ ಇದೆ. ಹೊತ್ತು ಮುಳುಗುತ್ತಿದೆ.